ಹೊಸ ಭಾಗದಲ್ಲಿ ನಿಜಕ್ಕೂ ಹೊಸದೇನಿದೆ? ಕಾದಾಟದ ಗೇಮ್‌ಗಳ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ಮಾನ್ಯರೇ, ಮಿಶ್ರ ಸಮರ ಕಲೆಯ ಪಂದ್ಯಗಳನ್ನು ನಡೆಸುವ ಯುಎಫ್‌ಸಿ ಸಂಸ್ಥೆಯ ಹೆಸರಿನ ವಿಡಿಯೊ ಗೇಮ್‌ನ ನಾಲ್ಕನೆಯ ಭಾಗವನ್ನು ಬಹಳ ಕಾಲದಿಂದ ಆಡುತ್ತಿದ್ದೇನೆ. ಐದನೆಯ ಭಾಗದ ಬಗ್ಗೆ ಕೆಲವರು ‘ಮುಖದ ಗಾಯಗಳು ಕಣ್ಣಿಗೆ ಕಟ್ಟುವಂತಿವೆ’ ಎಂದು ಹೊಗಳುತ್ತಾರೆ, ಇನ್ನು ಕೆಲವರು ‘ಹಳೆಯ ಆಟಕ್ಕೆ ಹೊಸ ಬಣ್ಣ ಬಳಿದಿದ್ದಾರೆ, ಅಷ್ಟೇ’ ಎನ್ನುತ್ತಾರೆ. ಇಂಥ ಆಟದ ಮುಂದಿನ ಭಾಗವನ್ನು ಯಾವ ಅಳತೆಗೋಲಿನಿಂದ ಅಳೆಯಬೇಕು?

ಉತ್ತರ: ಎರಡು ಮಾತಿನಲ್ಲೂ ಸತ್ಯವಿದೆ. ಆದರೆ ಅವೆರಡೂ ಕಣ್ಣಿಗೆ ಕಾಣುವುದರ ಬಗ್ಗೆ ಹೇಳುತ್ತವೆ. ನಿಮಗೆ ಬೇಕಾಗಿರುವುದು ಕೈಗೆ ಸಿಗುವುದರ ಲೆಕ್ಕ. ಮಿಶ್ರ ಸಮರ ಕಲೆಯ ಪಂದ್ಯಗಳು ತಿರುವು ಪಡೆಯುವುದು ಹೆಚ್ಚಾಗಿ ಸಂಧಿಗಳಲ್ಲಿ. ಗುದ್ದಾಟದಿಂದ ಇಬ್ಬರೂ ಒಬ್ಬರನ್ನೊಬ್ಬರು ತಬ್ಬಿ ಹಿಡಿಯುವ ಕ್ಲಿಂಚ್‌ಗೆ, ಅಲ್ಲಿಂದ ನೆಲದ ಸೆಣಸಾಟಕ್ಕೆ, ನೆಲದಿಂದ ಮತ್ತೆ ಎದ್ದು ನಿಲ್ಲುವುದಕ್ಕೆ ದಾಟುವ ಆ ಅರೆಗಳಿಗೆಗಳನ್ನು ಹಿಂದಿನ ಭಾಗ ಹೇಗೆ ನಿಭಾಯಿಸುತ್ತಿತ್ತು, ಹೊಸ ಭಾಗ ಅದನ್ನು ತಿದ್ದಿದೆಯೇ ಎಂದು ಕೇಳಿಕೊಂಡರೆ ಮುಕ್ಕಾಲು ವಿಮರ್ಶೆ ಮುಗಿದಂತೆ. ಹಳೆಯ ಆಟದಲ್ಲಿ ನೀವು ಅನ್ಯಾಯವಾಗಿ ಸೋತಿರೆಂದು ಅನಿಸಿದ ಪಂದ್ಯಗಳನ್ನು ನೆನಪಿಸಿಕೊಳ್ಳಿ. ಅದೇ ಪಂದ್ಯವನ್ನು ಹೊಸ ಆಟದಲ್ಲಿ ಆಡಿದರೆ ಫಲಿತಾಂಶ ಬೇರೆಯಾಗುತ್ತದೆಯೇ ಎಂಬುದೇ ನಾನು ನೆಚ್ಚುವ ಪರೀಕ್ಷೆ.

ಈ ಪರೀಕ್ಷೆಗೆ ಒಳ್ಳೆಯ ನಿದರ್ಶನ ಹಿಂದಿನ ಸರಣಿಯಲ್ಲೇ ಇದೆ. ಟಿಎಚ್‌ಕ್ಯು ಸಂಸ್ಥೆಗಾಗಿ ಜಪಾನಿನ ಯೂಕ್ಸ್ ರೂಪಿಸಿದ ‘ಯುಎಫ್‌ಸಿ ಅನ್‌ಡಿಸ್ಪ್ಯೂಟೆಡ್ 2009’ ನೆಲದ ಸೆಣಸಾಟವನ್ನು ಗಂಭೀರವಾಗಿ ತೆಗೆದುಕೊಂಡಿತ್ತಾದರೂ, ಒಂದು ಭಂಗಿಯಿಂದ ಮತ್ತೊಂದಕ್ಕೆ ಹೋಗಲು ಕೈಯಲ್ಲಿ ಹಿಡಿಯುವ ಕಂಟ್ರೋಲರ್‌ನ ಬಲಗಡೆಯ ಸ್ಟಿಕ್ಕನ್ನು ಅರ್ಧವೃತ್ತವಾಗಿ ತಿರುಗಿಸಬೇಕಾಗಿದ್ದುದರಿಂದ ಹೊಸಬರು ಅಲ್ಲೇ ಸೋತು ಕೈಚೆಲ್ಲುತ್ತಿದ್ದರು. ಒಂದೇ ವರ್ಷದಲ್ಲಿ ಬಂದ 2010ರ ಭಾಗ ಮೈಯನ್ನು ಅತ್ತಿತ್ತ ಬಾಗಿಸಿ ಹೊಡೆತ ತಪ್ಪಿಸಿಕೊಳ್ಳುವ ವಿದ್ಯೆಯನ್ನು ಸೇರಿಸಿತೇ ಹೊರತು ಈ ತೊಡಕನ್ನು ಬಿಡಿಸಲಿಲ್ಲ. 2012ರ ಫೆಬ್ರುವರಿಯಲ್ಲಿ ಬಂದ ಮೂರನೆಯದು ಮಾತ್ರ ಹೊಸಬರಿಗೆ ಸ್ಟಿಕ್ಕನ್ನು ಮೇಲೆ ಅಥವಾ ಕೆಳಗೆ ಒಮ್ಮೆ ತಳ್ಳಿದರೆ ಸಾಕಾಗುವ ಸುಲಭದ ದಾರಿಯನ್ನೂ, ಪಳಗಿದವರಿಗೆ ಹಳೆಯ ದಾರಿಯನ್ನೂ ಕೊಟ್ಟಿತು. ಕಾಲಿಗೆ ಬಿದ್ದ ಒದೆತಗಳು ಒಟ್ಟುಗೂಡಿ ಪಂದ್ಯವನ್ನೇ ಮುಗಿಸಬಹುದು ಎಂಬ ಸತ್ಯವನ್ನು ಆಟಕ್ಕೆ ತಂದದ್ದೂ ಅದೇ. ಜಪಾನಿನ ಪ್ರೈಡ್ ಕೂಟದ ನಿಯಮಗಳನ್ನೂ ಅದು ಪ್ರತ್ಯೇಕ ವಿಭಾಗವಾಗಿ ಸೇರಿಸಿತು: ಅಷ್ಟಕೋನದ ಪಂಜರದ ಬದಲು ಹಗ್ಗ ಕಟ್ಟಿದ ರಿಂಗ್, ಹತ್ತು ನಿಮಿಷದ ಮೊದಲ ಸುತ್ತು, ಕೆಳಗೆ ಬಿದ್ದವನ ತಲೆಗೂ ಒದೆಯಲು ಅನುಮತಿ. ನಿಯಮ ಬದಲಾದೊಡನೆ ಕೆಳಗೆ ಬೀಳುವುದರ ಬೆಲೆಯೇ ಬದಲಾಗುತ್ತಿತ್ತು. ಮುಂದಿನ ಭಾಗ ಎಂದರೆ ಹೀಗಿರಬೇಕು ಎಂದು ನಾನು ಇಂದಿಗೂ ತೋರಿಸುವುದು ಅದನ್ನೇ.

ಈಗ ನಿಮ್ಮ ಐದನೆಯ ಭಾಗಕ್ಕೆ ಬರೋಣ. ಯುಎಫ್‌ಸಿ ಹೆಸರಿನ ಪರವಾನಗಿ 2012ರಲ್ಲಿ ಇಎ ಸ್ಪೋರ್ಟ್ಸ್ ಕೈಗೆ ಬಂದ ಮೇಲೆ 2014, 2016, 2018, 2020 ಮತ್ತು 2023ರಲ್ಲಿ ಒಟ್ಟು ಐದು ಭಾಗಗಳು ಬಂದಿವೆ. ನಾಲ್ಕನೆಯದು ಪ್ಲೇಸ್ಟೇಷನ್ 4 ಮತ್ತು ಎಕ್ಸ್‌ಬಾಕ್ಸ್ ಒನ್ ಯಂತ್ರಗಳಿಗೆ ಬಂದಿತ್ತು; ಐದನೆಯದು ಪ್ಲೇಸ್ಟೇಷನ್ 5 ಮತ್ತು ಎಕ್ಸ್‌ಬಾಕ್ಸ್ ಸೀರೀಸ್ ಯಂತ್ರಗಳಲ್ಲಿ ಮಾತ್ರ ನಡೆಯುತ್ತದೆ. ಆದ್ದರಿಂದ ಹಳೆಯ ಯಂತ್ರವಿರುವವರಿಗೆ ಈ ಪ್ರಶ್ನೆಯೇ ಏಳುವುದಿಲ್ಲ. ಫ್ರಾಸ್ಟ್‌ಬೈಟ್ ಎಂಬ ಹೊಸ ಎಂಜಿನ್‌ಗೆ, ಅಂದರೆ ಆಟವನ್ನು ನಡೆಸುವ ಮೂಲ ತಂತ್ರಾಂಶಕ್ಕೆ, ಹೋದದ್ದರಿಂದ ಚರ್ಮ, ಬೆವರು, ರಕ್ತ ಎಲ್ಲವೂ ಚೆನ್ನಾಗಿ ಕಾಣುತ್ತವೆ. ಅದಕ್ಕಿಂತ ಮುಖ್ಯವಾದದ್ದು, ಆ ಗಾಯಗಳಿಗೆ ಈಗ ಆಟದಲ್ಲಿ ಪರಿಣಾಮವಿದೆ ಎಂಬುದು. ಹುಬ್ಬಿನ ಮೇಲಿನ ಸೀಳು ಹೆಚ್ಚಾದರೆ ರೆಫರಿ ವೈದ್ಯರನ್ನು ಕರೆಯುತ್ತಾರೆ, ವೈದ್ಯರು ಪಂದ್ಯವನ್ನು ನಿಲ್ಲಿಸಲೂಬಹುದು. ಅಂಕಗಳಲ್ಲಿ ಮುಂದಿದ್ದರೂ ಒಂದು ಕಣ್ಣಿನ ಬದಿಯನ್ನು ಕಾಪಾಡಿಕೊಳ್ಳಬೇಕಾದ ಒತ್ತಡ ಹಿಂದಿನ ಭಾಗದಲ್ಲಿ ಇರಲಿಲ್ಲ; ಎದುರಾಳಿ ಅದೇ ಬದಿಯನ್ನು ಹುಡುಕಿಕೊಂಡು ಬರುವಾಗ ನಿಮ್ಮ ಇಡೀ ಯೋಜನೆ ಬದಲಾಗುತ್ತದೆ. ಇದು ಬಣ್ಣದ ಬದಲಾವಣೆ ಖಂಡಿತ ಅಲ್ಲ.

ಹಾಗಿದ್ದರೂ ‘ಹಳೆಯ ಆಟವೇ’ ಎನ್ನುವವರ ದೂರನ್ನು ತಳ್ಳಿಹಾಕುವಂತಿಲ್ಲ. ನಿಂತು ಹೊಡೆದಾಡುವಾಗಿನ ಅನೇಕ ಚಲನೆಗಳು ನಾಲ್ಕನೆಯದರಿಂದಲೇ ಬಂದಿವೆ. ಒಬ್ಬ ಕಾದಾಳುವಿನ ವೃತ್ತಿಜೀವನವನ್ನು ಮೊದಲಿನಿಂದ ಕೊನೆಯವರೆಗೆ ನಡೆಸುವ ಕರಿಯರ್ ವಿಭಾಗವೂ ಅದೇ ಚೌಕಟ್ಟಿನಲ್ಲಿದೆ: ಅಭ್ಯಾಸದ ವಾರಗಳು, ಜಿಮ್‌ನಲ್ಲಿ ಜೊತೆಗಾರರೊಡನೆ ಸೆಣಸಾಟ, ಪ್ರಚಾರಕ್ಕೆ ಸಮಯ ಹಂಚುವ ಲೆಕ್ಕಾಚಾರ. ಮೂರು ವರ್ಷಗಳ ಅಂತರದಲ್ಲಿ ಇಲ್ಲಿ ಇನ್ನಷ್ಟು ಕೆಲಸ ಆಗಬೇಕಿತ್ತೆಂಬುದು ನನ್ನ ದೃಢ ಅಭಿಪ್ರಾಯ. ಹಾಗಾಗಿ ನನ್ನ ಸಲಹೆ ಇಷ್ಟೇ: ನೀವು ಮುಖ್ಯವಾಗಿ ಬೇರೆ ಆಟಗಾರರೊಡನೆ ಸೆಣಸುವವರಾದರೆ ಐದನೆಯದಕ್ಕೆ ಹೋಗಿ, ಒಬ್ಬರೇ ಕುಳಿತು ಕರಿಯರ್ ಮಾತ್ರ ಆಡುವವರಾದರೆ ಅವಸರ ಬೇಡ.

ಪ್ರಶ್ನೆ: ನಿಂತು ಹೊಡೆದಾಡುವಾಗ ಚೆನ್ನಾಗಿಯೇ ಆಡುತ್ತೇನೆ. ನೆಲಕ್ಕೆ ಬಿದ್ದೊಡನೆ ಏನು ನಡೆಯುತ್ತಿದೆ ಎಂಬುದೇ ಅರ್ಥವಾಗುವುದಿಲ್ಲ. ಇದು ಆಟದ ದೋಷವೋ, ನನ್ನದೋ?

ಉತ್ತರ: ದೋಷ ಬಹಳಮಟ್ಟಿಗೆ ಆಟದ ವಿವರಣೆಯದು, ನಿಮ್ಮದಲ್ಲ. ನಡೆಯುವುದು ಏನೆಂದರೆ: ನೀವು ಎದುರಾಳಿಯನ್ನು ಕೆಡವಿದ್ದೀರಿ, ಅವನು ಬೆನ್ನ ಮೇಲೆ ಮಲಗಿ ಎರಡೂ ಕಾಲುಗಳಿಂದ ನಿಮ್ಮ ಸೊಂಟವನ್ನು ಸುತ್ತಿ ಹಿಡಿದಿದ್ದಾನೆ ಎಂದಿಟ್ಟುಕೊಳ್ಳಿ. ಇದು ಫುಲ್ ಗಾರ್ಡ್. ಮೇಲಿರುವ ನಿಮಗೆ ಆ ಕಾಲುಗಳನ್ನು ದಾಟಿ ಪಕ್ಕಕ್ಕೆ ಬರಬೇಕು, ಅಲ್ಲಿಂದ ಎದೆಯ ಮೇಲೆ ಕೂರಬೇಕು. ಪ್ರತಿ ದಾಟುವಿಕೆಗೂ ಬಲಗಡೆಯ ಸ್ಟಿಕ್ಕನ್ನು ಒಂದು ದಿಕ್ಕಿಗೆ ಹಿಡಿದಿಡುತ್ತೀರಿ. ಕೆಳಗಿರುವವನು ಆ ದಿಕ್ಕನ್ನು ಊಹಿಸಿ ಅತ್ತಲೇ ತಡೆಯಬೇಕು. ಅವನ ಊಹೆ ಸರಿಯಾದರೆ ನಿಮ್ಮ ಯತ್ನ ಕೆಡುತ್ತದೆ, ಅವನಿಗೆ ತಪ್ಪಿಸಿಕೊಳ್ಳಲು ಸಮಯ ಸಿಗುತ್ತದೆ. ತಪ್ಪಿದರೆ ನೀವು ದಾಟುತ್ತೀರಿ. ಅಂದರೆ ನೆಲದ ಮೇಲಿನ ಆಟ ಇಬ್ಬರ ಮನಸ್ಸುಗಳ ನಡುವಿನ ಊಹೆಯ ಆಟ. ಒಂದೇ ದಿಕ್ಕಿಗೆ ಮತ್ತೆ ಮತ್ತೆ ಹೋಗುವವರನ್ನು ತಡೆಯುವುದು ಸುಲಭ. ಒಂದೆರಡು ಗುದ್ದು ಕೊಟ್ಟು ಅವನ ಗಮನ ಅತ್ತ ಹರಿದಾಗ ದಾಟಬೇಕು.

ನಾಲ್ಕನೆಯ ಭಾಗದಲ್ಲಿ ಇದಕ್ಕೊಂದು ಸಹಾಯಕ ವ್ಯವಸ್ಥೆ ಬಂದಿತು. ಎಡಗಡೆಯ ಸ್ಟಿಕ್‌ನಿಂದ ‘ಎದ್ದೇಳಬೇಕು’, ‘ಹೊಡೆಯಬೇಕು’, ‘ಪಟ್ಟು ಹಾಕಬೇಕು’ ಎಂಬ ಉದ್ದೇಶವನ್ನು ಮಾತ್ರ ಆರಿಸಿಕೊಂಡರೆ ನಡುವಿನ ಭಂಗಿಗಳನ್ನು ಆಟವೇ ನೋಡಿಕೊಳ್ಳುತ್ತದೆ. ಕಲಿಯುವಾಗ ಇದನ್ನು ಬಳಸಲು ಸಂಕೋಚ ಬೇಡ. ಆದರೆ ಇದನ್ನೇ ನೆಚ್ಚಿಕೊಂಡರೆ ನಡುವಿನ ಭಂಗಿಗಳು ಕಣ್ಣಿಗೆ ಬೀಳುವುದೇ ಇಲ್ಲ. ಆದ್ದರಿಂದ ಅಭ್ಯಾಸದ ವಿಭಾಗದಲ್ಲಿ ಆ ಸಹಾಯವನ್ನು ನಿಲ್ಲಿಸಿ, ಪ್ರತಿ ಭಂಗಿಯಲ್ಲೂ ನಿಮಗೆ ತೆರೆದಿರುವ ದಾರಿಗಳು ಯಾವುವು ಎಂದು ನಿಧಾನವಾಗಿ ನೋಡಿಕೊಳ್ಳಿ.

ಇದಕ್ಕೆ ಸೇರಿದ ಇನ್ನೊಂದು ಮಾತು. ಎದುರಾಳಿಯ ಕುತ್ತಿಗೆಯನ್ನೋ ಮೊಣಕೈಯನ್ನೋ ಬಿಗಿದು ಸೋಲೊಪ್ಪಿಸುವ ಪಟ್ಟುಗಳನ್ನು ತೋರಿಸುವುದು ಈ ಗೇಮ್‌ಗಳಿಗೆ ಮೊದಲಿನಿಂದಲೂ ತಲೆನೋವು. ‘ಅನ್‌ಡಿಸ್ಪ್ಯೂಟೆಡ್ 3’ರಲ್ಲಿ ಅಷ್ಟಕೋನದ ಅಂಚಿನಲ್ಲಿ ಒಂದು ಪಟ್ಟಿ ಇನ್ನೊಂದನ್ನು ಬೆನ್ನಟ್ಟುವ ಚಿಕ್ಕ ಆಟವಿತ್ತು, ಇಎ ಭಾಗಗಳಲ್ಲಿ ಬೇರೆ ಬೇರೆ ಬಗೆಯ ಪಟ್ಟಿಗಳು ಬಂದವು. ಇವೆಲ್ಲದರಲ್ಲೂ ಕಣ್ಣು ದೇಹಗಳಿಂದ ಜಾರಿ ಪರದೆಯ ಮೂಲೆಯ ಚಿತ್ರದ ಮೇಲೆ ನೆಡುತ್ತಿತ್ತು. ಐದನೆಯ ಭಾಗ ಆ ಚಿಕ್ಕ ಆಟವನ್ನು ತೆಗೆದುಹಾಕಿ, ಪಟ್ಟಿನ ಪ್ರತಿ ಹಂತವನ್ನೂ ನೆಲದ ಚಲನೆಗಳ ಮುಂದುವರಿಕೆಯಂತೆಯೇ ಮಾಡಿದೆ. ನನ್ನ ಮಟ್ಟಿಗೆ ಈ ಭಾಗದ ಅತ್ಯಂತ ಒಳ್ಳೆಯ ತೀರ್ಮಾನ ಇದೇ. ವಿಮರ್ಶೆಗಳಲ್ಲಿ ಇದಕ್ಕೆ ಗಾಯಗಳಿಗಿಂತ ಹೆಚ್ಚಿನ ಜಾಗ ಸಿಗಬೇಕಿತ್ತು.

ಪ್ರಶ್ನೆ: ಹೊಸ ಭಾಗದಲ್ಲಿ ಕಾದಾಳುಗಳ ಸಂಖ್ಯೆ ಎಷ್ಟಿದ್ದರೆ ಅದು ಕೊಳ್ಳಲು ಯೋಗ್ಯ?

ಉತ್ತರ: ಸಂಖ್ಯೆಯನ್ನು ಹಿಡಿದು ನಿರ್ಧರಿಸಬೇಡಿ. ನಾಲ್ಕನೆಯದರಲ್ಲೇ ಇನ್ನೂರಕ್ಕೂ ಹೆಚ್ಚು ಮಂದಿ ಇದ್ದರು. ಒಂದೇ ತೂಕದ ವರ್ಗದಲ್ಲಿ ಇಬ್ಬರನ್ನು ಆರಿಸಿ, ಹೆಸರು ಕಾಣದಂತೆ ಆಡಿ ನೋಡಿ. ಒಬ್ಬನ ಒದೆತದ ಲಯಕ್ಕೂ ಇನ್ನೊಬ್ಬನದಕ್ಕೂ ವ್ಯತ್ಯಾಸ ಕೈಗೆ ತಿಳಿದರೆ ಆ ಪಟ್ಟಿ ಉದ್ದವಾಗಿದ್ದುದು ಸಾರ್ಥಕ.

ಪ್ರಶ್ನೆ: ನನ್ನ ಹದಿಮೂರು ವರ್ಷದ ಮಗ ಐದನೆಯ ಭಾಗ ಬೇಕೆಂದು ಹಟ ಹಿಡಿದಿದ್ದಾನೆ. ಕೊಡಿಸಬಹುದೇ?

ಉತ್ತರ: ಬೇಡ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಅಮೆರಿಕದ ಇಎಸ್‌ಆರ್‌ಬಿ ವರ್ಗೀಕರಣದಲ್ಲಿ ನಾಲ್ಕನೆಯ ಭಾಗ ಹದಿಮೂರು ದಾಟಿದವರಿಗೆ ಸೂಕ್ತ ಎಂಬ ಮುದ್ರೆ ಪಡೆದಿತ್ತು. ಐದನೆಯದಕ್ಕೆ ಸಿಕ್ಕಿರುವುದು ಹದಿನೇಳು ದಾಟಿದವರಿಗೆ ಎಂಬ ಮುದ್ರೆ. ಮೇಲೆ ಹೇಳಿದ ಗಾಯಗಳ ವಿವರ, ನಾಕೌಟ್ ಆದ ಕ್ಷಣವನ್ನು ಹತ್ತಿರದಿಂದ ನಿಧಾನಗತಿಯಲ್ಲಿ ತೋರಿಸುವ ಮರುಪ್ರದರ್ಶನ, ಇವುಗಳನ್ನು ಗಮನದಲ್ಲಿಟ್ಟುಕೊಂಡರೆ ಆ ಬದಲಾವಣೆ ಸಕಾರಣವಾದದ್ದು. ಆಟದ ತಂತ್ರ ಕಲಿಯುವ ಆಸೆ ಅವನದಾದರೆ ನಾಲ್ಕನೆಯ ಭಾಗದಲ್ಲಿ ಅದಕ್ಕೆ ಬೇಕಾದಷ್ಟು ಅವಕಾಶವಿದೆ. ಅಲ್ಲಿಯೂ ಅಪರಿಚಿತರೊಡನೆ ಆಡುವ ಆನ್‌ಲೈನ್ ವಿಭಾಗದಲ್ಲಿ ಅವನ ಪಕ್ಕದಲ್ಲಿ ನೀವಿರುವುದು ಒಳ್ಳೆಯದು.

ಪ್ರಶ್ನೆ: ಕೊಳ್ಳುವ ಮೊದಲು ಕೆಲವು ಗಂಟೆ ಆಡಿ ನೋಡುವ ಅವಕಾಶ ಸಿಕ್ಕರೆ ಆ ಸಮಯವನ್ನು ಹೇಗೆ ಬಳಸಬೇಕು?

ಉತ್ತರ: ಹೆಚ್ಚಿನವರು ಆ ಸಮಯವನ್ನು ಹೆಸರಾಂತ ಕಾದಾಳುವನ್ನು ಆರಿಸಿ ನಾಕೌಟ್‌ಗಳನ್ನು ನೋಡುವುದರಲ್ಲಿ ಕಳೆಯುತ್ತಾರೆ. ಅದರಿಂದ ತಿಳಿಯುವುದು ಕಡಿಮೆ. ಹಳೆಯ ಭಾಗದಲ್ಲಿ ನಿಮಗೆ ಚೆನ್ನಾಗಿ ಪಳಗಿದ ಒಬ್ಬನನ್ನೇ ತೆಗೆದುಕೊಳ್ಳಿ. ಮೂರು ಸುತ್ತಿನ ಪಂದ್ಯ ಬಿಟ್ಟು, ಪ್ರಶಸ್ತಿ ಪಂದ್ಯಗಳಲ್ಲಿರುವಂತೆ ಐದು ನಿಮಿಷಗಳ ಐದು ಸುತ್ತಿನ ಪಂದ್ಯ ಆಡಿ. ಮೊದಲ ಸುತ್ತಿನಲ್ಲಿ ಬೇಕೆಂದೇ ಗಾಳಿಗೆ ಗುದ್ದಿ, ಗುರಿ ತಪ್ಪಿದ ಹೊಡೆತಕ್ಕೆ ಆಟ ದಮ್ಮಿನ ರೂಪದಲ್ಲಿ ಎಷ್ಟು ದಂಡ ವಿಧಿಸುತ್ತದೆ ಎಂದು ನೋಡಿ. ಎರಡನೆಯದರಲ್ಲಿ ಎದುರಾಳಿಯ ಮುಂಗಾಲಿಗೆ ಒದೆಯುತ್ತ ಹೋಗಿ, ಅವನ ನಡಿಗೆ ಬದಲಾಗುತ್ತದೆಯೇ, ಅವನು ನಿಲುವನ್ನು ತಿರುಗಿಸುತ್ತಾನೆಯೇ ಎಂದು ಗಮನಿಸಿ. ಮೂರನೆಯದರಲ್ಲಿ ನೆಲಕ್ಕೆ ಹೋಗಿ, ಕೆಳಗಿನಿಂದ ಎದ್ದು ಬರಲು ಯತ್ನಿಸಿ. ಕಂಪ್ಯೂಟರ್ ಆಡಿಸುವ ಎದುರಾಳಿ ಮೇಲಿರುವಾಗ ನಿಮ್ಮ ಪ್ರತಿ ಚಲನೆಯನ್ನೂ ಓದಿಬಿಡುತ್ತಾನೆಯೇ, ಅಥವಾ ಮನುಷ್ಯನಂತೆ ಒಮ್ಮೊಮ್ಮೆ ತಪ್ಪುತ್ತಾನೆಯೇ ಎಂಬುದು ಇಲ್ಲಿಯೇ ಬಯಲಾಗುತ್ತದೆ.

ಮುಖ್ಯ ಪರೀಕ್ಷೆ ಕೊನೆಯ ಸುತ್ತಿನದು. ಇಬ್ಬರೂ ದಣಿದಿರುವಾಗ ಹೊಡೆತಗಳು ನಿಧಾನವಾಗಬೇಕು, ಕೈಗಳು ಕೆಳಗಿಳಿಯಬೇಕು, ಕೆಡವಲು ಹೋದವನ ಹಿಡಿತ ಅರ್ಧದಲ್ಲೇ ಸಡಿಲವಾಗಬೇಕು. ಆ ಸುತ್ತು ಮೊದಲ ಸುತ್ತಿನಷ್ಟೇ ವೇಗವಾಗಿ ನಡೆದರೆ ಎಂಜಿನ್ ಎಷ್ಟೇ ಹೊಸದಾಗಿರಲಿ, ಹಣ ಕೊಡುವ ಮೊದಲು ಬೆಲೆ ಇಳಿಯುವವರೆಗೆ ಕಾಯಿರಿ.