ಆಟಿಸಂ ಇರುವ ಹೆಣ್ಣಿಗೆ ಸಣ್ಣ ನೋವುಗಳೂ ಟ್ರಾಮಾ ಆಗಬಹುದೇ?

‘ದೊಡ್ಡದೇನೂ ನಡೆದಿಲ್ಲ, ಆದರೂ ಯಾಕೆ ಸದಾ ಹೆದರಿಕೆ?’ ಎಂದು ಕೇಳಿದ್ದೀರಿ. ಹೌದು, ಸಣ್ಣ ನೋವುಗಳೂ ಟ್ರಾಮಾ, ಅಂದರೆ ಮನಸ್ಸಿನಲ್ಲಿ ಉಳಿಯುವ ಗಾಯ, ಆಗಬಹುದು.

ಮಿಕ್ಸಿ ಸದ್ದಿಗೆ ಕಿವಿ ಮುಚ್ಚಿದರೆ ‘ನಾಟಕ ಮಾಡಬೇಡ’ ಎಂಬ ಬೈಗುಳ. ಮದುವೆಮನೆಯಲ್ಲಿ ಬಲವಂತದ ನಗು. ಬೇಡವೆಂದರೂ ತಬ್ಬಿಕೊಳ್ಳುವ ನೆಂಟರು. ಒಂದೊಂದೂ ಚಿಕ್ಕದೇ, ಅಲ್ವಾ? ವರ್ಷಗಟ್ಟಲೆ ನಡೆದರೆ ‘ನನ್ನ ಮೈ ಹೇಳುವುದೇ ಸುಳ್ಳು’ ಎಂಬ ನಂಬಿಕೆ ಕೂರುತ್ತದೆ. ನನಗೆ ಅದೇ ಎಲ್ಲಕ್ಕಿಂತ ಆಳವಾದ ಗಾಯ ಅನ್ನಿಸುತ್ತದೆ. ತಪ್ಪಿಲ್ಲದಿದ್ದರೂ ಸಾರಿ ಕೇಳುವುದು, ಆಡಿದ ಮಾತನ್ನೇ ರಾತ್ರಿಯಿಡೀ ಮೆಲುಕು ಹಾಕುವುದು ಅದರ ಗುರುತುಗಳು.

ಪಿಟಿಎಸ್‌ಡಿ (ಆಘಾತದ ನಂತರ ಕಾಡುವ ಮಾನಸಿಕ ಕಾಯಿಲೆ) ಎನ್ನಲು ಮನೋವೈದ್ಯರ ಕೈಪಿಡಿ ಡಿಎಸ್‌ಎಂ-5 ಕೇಳುವುದು ಜೀವಭಯ, ಗಂಭೀರ ಗಾಯ ಅಥವಾ ಲೈಂಗಿಕ ಹಿಂಸೆ. ಅದರೊಳಗೆ ಬಾರದ ನೋವೂ ನಿಜವೇ.

ಮೊದಲು ಒಬ್ಬರೇ ಇದ್ದಾಗ, ಎಲ್ಲರಂತೆ ಕಾಣಲು ಹಾಕಿಕೊಂಡ ಮುಖವಾಡ ಕಳಚಿ. ತೂಗಾಡಬೇಕೆನಿಸಿದರೆ ತೂಗಾಡಿ, ಸುಮ್ನೆ ಕೂರಬೇಕೆನಿಸಿದರೆ ಕೂರಿ. ಕಣ್ಣಲ್ಲಿ ಕಣ್ಣಿಟ್ಟು ಮಾತಾಡುವುದನ್ನು ಕಲಿಸಲು ಹೊರಡುವವರಿಗಿಂತ, ಆಟಿಸಂ ಬಲ್ಲ ಥೆರಪಿಸ್ಟ್ ಹುಡುಕಿ. ತೀರಾ ಕಷ್ಟವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ಗೆ ಕರೆ ಮಾಡಿ, 14416.