ಲೀಡರ್‌ಶಿಪ್ ಪುಸ್ತಕ ತಲೆಗೆ ಹೋಗ್ತಿಲ್ಲ, ಏನ್ ಮಾಡ್ಲಿ?

ಪ್ರಶ್ನೆ: ನಾನು ನರ್ಸಿಂಗ್ ಕೊನೇ ವರ್ಷದಲ್ಲಿದೀನಿ. ಅನಾಟಮಿ, ಫಾರ್ಮಕಾಲಜಿ ಎಲ್ಲಾ ಒದ್ದಾಡಿಕೊಂಡಾದ್ರೂ ಓದಿದೆ, ಆದ್ರೆ ಲೀಡರ್‌ಶಿಪ್ ಮತ್ತೆ ಮ್ಯಾನೇಜ್‌ಮೆಂಟ್ ಪುಸ್ತಕ ಮಾತ್ರ ಈ ಪುಟ ಓದೋಷ್ಟರಲ್ಲಿ ಹಿಂದಿನ ಪುಟ ಮರೆತೋಗಿರತ್ತೆ. ಎಲ್ಲಿ ನೋಡಿದ್ರೂ ಡೆಫಿನಿಷನ್, ಪಾಯಿಂಟು, ಲಿಸ್ಟು. ನಾನು ಓದೋ ರೀತಿ ಸರಿಯಿಲ್ವಾ, ಇಲ್ಲಾ ಪುಸ್ತಕನೇ ಹಾಗಾ?

ಉತ್ತರ: ಬಹುಪಾಲು ಪುಸ್ತಕದ್ದೇ ತೊಂದರೆ ಅಮ್ಮ, ನಿಮ್ಮನ್ನ ನೀವು ಬೈಕೋಬೇಡಿ. ಅನಾಟಮಿಗೆ ಕಣ್ಣೆದುರು ಒಂದು ದೇಹ ಇರತ್ತೆ, ಲೀಡರ್‌ಶಿಪ್ ಥಿಯರಿಗಳಿಗೆ ಅಂಥಾ ಆಸರೆ ಪುಸ್ತಕನೇ ಕೊಡಬೇಕು, ಎಷ್ಟೋ ಪುಸ್ತಕ ಕೊಡಲ್ಲ. ಆಟೊಕ್ರಾಟಿಕ್ (ಬರೀ ಆರ್ಡರ್ ಕೊಡೋರು), ಡೆಮಾಕ್ರಾಟಿಕ್ (ಎಲ್ಲರ ಜೊತೆ ಮಾತಾಡಿ ನಡೆಸೋರು), ಲೆಸೆ ಫೇರ್ (ಅವರವರ ಪಾಡಿಗೆ ಬಿಟ್ಟುಬಿಡೋರು) ಅಂತ ಮೂರು ಬಗೆ ಲೀಡರ್‌ಗಳ ಬಗ್ಗೆ ಓದಿರ್ತೀರಲ್ಲ, ಅದು 1939ರಲ್ಲಿ ಕುರ್ಟ್ ಲೆವಿನ್, ಲಿಪಿಟ್, ವೈಟ್ ಅನ್ನೋರು ಪ್ರಕಟ ಮಾಡಿದ ಪ್ರಯೋಗದಿಂದ ಬಂದಿದ್ದು. ಪ್ರಯೋಗ ಯಾರ ಮೇಲೆ ಗೊತ್ತಾ, ಹತ್ತು ವರ್ಷದ ಆಸುಪಾಸಿನ ಹುಡುಗರ ಮೇಲೆ! ಹುಡುಗರನ್ನ ಸಣ್ಣ ಸಣ್ಣ ಕ್ಲಬ್ ಮಾಡಿ ದೊಡ್ಡವರೊಬ್ಬರು ಬೇರೆ ಬೇರೆ ರೀತಿ ನಡೆಸಿ ನೋಡಿದ್ರು. ಬರೀ ಆರ್ಡರ್ ಕೊಡೋ ಲೀಡರ್ ರೂಮಿಂದ ಆಚೆ ಹೋದ್ರೆ ಅಲ್ಲಿ ಕೆಲಸ ಬಿದ್ದೋಗ್ತಿತ್ತು, ಎಲ್ಲರ ಜೊತೆ ಮಾತಾಡಿ ನಡೆಸೋ ಗುಂಪಲ್ಲಿ ಅವರಿಲ್ದಿದ್ರೂ ಸುಮಾರಾಗಿ ಮುಂದುವರೀತಿತ್ತು. ಇಷ್ಟು ಹೇಳಿದ್ರೆ ಸಾಕು, ಓದೋರಿಗೆ ತಾನಾಗೇ ಪ್ರಶ್ನೆ ಹುಟ್ಟತ್ತೆ: ಮಕ್ಕಳ ಕ್ಲಬ್ಬಲ್ಲಿ ಕಂಡಿದ್ದು ವಾರ್ಡಲ್ಲಿ ಎಷ್ಟು ನಿಜ, ಪೇಷಂಟ್‌ಗೆ ಹಾರ್ಟ್ ನಿಂತೋದಾಗ ಎಲ್ಲರ ಅಭಿಪ್ರಾಯ ಕೇಳ್ತಾ ಕೂರೋಕಾಗತ್ತಾ, ಆಗ ಒಬ್ಬರು ಜೋರಾಗಿ ಹೇಳಬೇಕು ಮಿಕ್ಕವರು ಮಾಡಬೇಕು ಅಲ್ವಾ? ಈ ಪ್ರಶ್ನೆ ಬಂತು ಅಂದ್ರೆ ಆ ಪಾಠ ಮರೆಯಲ್ಲ. ಮೂರು ಕಾಲಂ ಟೇಬಲ್ ಹಾಕಿ ಲಾಭ, ನಷ್ಟ ಅಂತ ಬರೆದುಬಿಟ್ರೆ ಪರೀಕ್ಷೆ ಮುಗಿದ ಮೇಲೆ ಏನೂ ಉಳಿಯಲ್ಲ.

ಇನ್ನೊಂದು ವಿಷ್ಯ. ಈ ಪುಸ್ತಕಗಳಲ್ಲಿರೋ ಮ್ಯಾನೇಜ್‌ಮೆಂಟ್ ಭಾಗ ಎಷ್ಟೋ ಆಸ್ಪತ್ರೆಯಲ್ಲಿ ಹುಟ್ಟಿದ್ದೇ ಅಲ್ಲ. 1916ರಲ್ಲಿ ಹದಿನಾಲ್ಕು ತತ್ವ ಕೊಟ್ಟ ಆನ್ರಿ ಫಯೋಲ್ ಗಣಿ ಕಂಪನಿ ನಡೆಸಿದ ಇಂಜಿನಿಯರ್, 1937ರ ಲೂಥರ್ ಗುಲಿಕ್ ಯೋಚಿಸಿದ್ದು ಸರ್ಕಾರಿ ಆಡಳಿತದ ಬಗ್ಗೆ. ತಗೊಂಡಿದ್ದು ತಪ್ಪಲ್ಲ, ಆದ್ರೆ ಮ್ಯಾನೇಜರ್ ಅಂತ ಇದ್ದ ಕಡೆ ನರ್ಸ್ ಅಂತ ಬರೆದು ಮುಗಿಸೋದು ಓದೋ ಮಕ್ಕಳಿಗೆ ಮಾಡೋ ಅನ್ಯಾಯ, ಇದನ್ನ ನಾನು ಸಿಟ್ಟಿಂದಲೇ ಹೇಳ್ತಿದೀನಿ.

ಪುಸ್ತಕ ಚೆನ್ನಾಗಿದೆಯಾ ಅಂತ ನೋಡೋಕೆ ನೇರವಾಗಿ ಡೆಲಿಗೇಷನ್, ಅಂದ್ರೆ ಕೆಲಸ ಇನ್ನೊಬ್ಬರಿಗೆ ಒಪ್ಪಿಸೋ ಅಧ್ಯಾಯ ತೆಗೀರಿ. ಸರಿಯಾದ ಕೆಲಸ, ಸರಿಯಾದ ಸಂದರ್ಭ, ಸರಿಯಾದ ವ್ಯಕ್ತಿ, ಸರಿಯಾದ ಸೂಚನೆ, ಸರಿಯಾದ ಮೇಲ್ವಿಚಾರಣೆ ಅಂತ ಐದು ಎಲ್ಲಾ ಪುಸ್ತಕದಲ್ಲೂ ಇರತ್ತೆ. ಅದರ ಕೆಳಗೆ ಏನಿದೆ ನೋಡಿ. ನೈಟ್ ಶಿಫ್ಟ್, ನೀವು, ಇನ್ನೊಬ್ಬರು ಹೊಸ ನರ್ಸ್, ಒಬ್ಬರು ಅಸಿಸ್ಟೆಂಟ್, ಒಂದು ಪೇಷಂಟ್ ಈಗಷ್ಟೇ ಆಪರೇಷನ್ ಆಗಿ ಬಂದಿದೆ, ಇನ್ನೊಂದು ಆರಾಮಾಗಿದೆ ನಾಳೆ ಡಿಸ್ಚಾರ್ಜ್. ಯಾರ ಬಿಪಿ ಯಾರು ನೋಡಬೇಕು? ಆರಾಮಾಗಿರೋರ ಬಿಪಿ ಅಸಿಸ್ಟೆಂಟ್‌ಗೆ ಕೊಡಬಹುದು, ಆಪರೇಷನ್ ಆದವರದ್ದು ಬರೀ ಅಂಕಿ ಬರೆಯೋ ಕೆಲಸ ಅಲ್ಲ, ನೋಡಿ ನಿರ್ಧಾರ ಮಾಡಬೇಕಿರೋದು, ಅದು ನರ್ಸ್ ಕೈಯಲ್ಲೇ ಇರಬೇಕು, ಮತ್ತೆ ಅಸಿಸ್ಟೆಂಟ್‌ಗೆ ಕೊಡುವಾಗ್ಲೂ ಬಿಪಿ ಎಷ್ಟಕ್ಕಿಂತ ಕೆಳಗೆ ಬಂದ್ರೆ ತಕ್ಷಣ ಕರೀಬೇಕು ಅಂತ ಹೇಳಿ ಕಳಿಸಬೇಕು, ಕೆಲಸ ಕೊಟ್ರೂ ಜವಾಬ್ದಾರಿ ನಿಮ್ಮದೇ. ಈ ಥರ ಒಂದಾದ್ರೂ ಸನ್ನಿವೇಶ ಬಿಡಿಸಿ ಹೇಳಿದ್ರೆ ಆ ಪುಸ್ತಕ ಇಟ್ಕೊಳ್ಳಿ. ಇಲ್ಲಾಂದ್ರೆ ಪ್ರತಿ ಪಾಯಿಂಟ್ ಪಕ್ಕ ನಿಮ್ಮ ಕ್ಲಿನಿಕಲ್ ಪೋಸ್ಟಿಂಗ್‌ನಲ್ಲಿ ನೋಡಿದ್ದೊಂದು ಪೆನ್ಸಿಲಲ್ಲಿ ಬರ್ಕೊಳ್ತಾ ಹೋಗಿ, ಅದೇ ನಿಮ್ಮ ಪುಸ್ತಕ ಆಗತ್ತೆ.

ಪ್ರಶ್ನೆ: ನಾನು ಈ ವಿಷಯ ಪಾಠ ಮಾಡ್ತೀನಿ. ಪುಸ್ತಕ ಆರಿಸುವಾಗ ರೀಡಬಿಲಿಟಿ ಸ್ಕೋರ್, ಅಂದ್ರೆ ಬರಹ ಓದೋಕೆ ಎಷ್ಟು ಸುಲಭ ಅನ್ನೋ ಅಂಕಿ, ನೋಡಿ ಅಂತಾರೆ, ಅದನ್ನ ನಂಬಬಹುದಾ?

ಉತ್ತರ: ಸ್ವಲ್ಪ ಮಟ್ಟಿಗೆ. ರುಡಾಲ್ಫ್ ಫ್ಲೆಶ್ 1948ರಲ್ಲಿ ಕೊಟ್ಟ ಸೂತ್ರ ವಾಕ್ಯ ಎಷ್ಟು ಉದ್ದ, ಪದದಲ್ಲಿ ಎಷ್ಟು ಸಿಲಬಲ್ (ಉಚ್ಚಾರದ ತುಂಡು) ಅಂತ ಮಾತ್ರ ಎಣಿಸತ್ತೆ, ಆಮೇಲೆ 1975ರಲ್ಲಿ ಅಮೆರಿಕದ ನೌಕಾಪಡೆಗೋಸ್ಕರ ಅದನ್ನೇ ಶಾಲೆ ತರಗತಿ ಲೆಕ್ಕಕ್ಕೆ ತಂದ್ರು. ಪವರ್, ರೋಲ್ ಇಂಥವು ಚಿಕ್ಕ ಪದಗಳೇ, ಸೂತ್ರ ಅದನ್ನ ಸುಲಭ ಅನ್ನತ್ತೆ, ಆದ್ರೆ ಕ್ಲಾಸಲ್ಲಿ ಅದನ್ನ ಅರ್ಥ ಮಾಡಿಸೋ ಕಷ್ಟ ನಿಮಗೇ ಗೊತ್ತು. ಜೊತೆಗೆ ವಾಕ್ಯಗಳು ಒಂದಕ್ಕೊಂದು ಹೊಂದ್ಕೊಳ್ತಿವೆಯಾ ಅಂತ ಸೂತ್ರಕ್ಕೆ ಕಾಣಲ್ಲ.

ಇದಕ್ಕಿಂತ ಉಪಯೋಗಕ್ಕೆ ಬರೋದು 1953ರಲ್ಲಿ ವಿಲ್ಸನ್ ಟೇಲರ್ ತಂದ ಕ್ಲೋಜ್ ಟೆಸ್ಟ್. ಒಂದು ಪುಟ ತಗೊಳ್ಳಿ, ಮೊದಲನೇ ವಾಕ್ಯ ಬಿಟ್ಟು ಮುಂದೆ ಪ್ರತಿ ಐದನೇ ಪದ ಅಳಿಸಿ, ವಿದ್ಯಾರ್ಥಿಗಳಿಗೆ ತುಂಬೋಕೆ ಹೇಳಿ. ಅರ್ಧದ ಆಸುಪಾಸು ಸರಿಯಾಗಿ ತುಂಬಿದ್ರೆ ಆ ಪುಸ್ತಕ ಅವರು ಒಬ್ಬರೇ ಕೂತು ಓದೋವಂಥದ್ದಲ್ಲ, ಪಾಠದ ಜೊತೆ ಬಳಸಬಹುದು, ಅರ್ಧಕ್ಕಿಂತ ತುಂಬಾ ಕಡಿಮೆ ಆದ್ರೆ ಪಾಠದ ಜೊತೆಗೂ ಕಷ್ಟಾನೇ. ಪರೀಕ್ಷೆ ಮಾಡ್ತಿರೋದು ಪುಸ್ತಕನ, ನಿಮ್ಮನ್ನಲ್ಲ ಅಂತ ಮಕ್ಕಳಿಗೆ ಮೊದಲೇ ಹೇಳಿ, ಇಲ್ಲಾಂದ್ರೆ ಹೆದರ್ತಾರೆ.

ಪ್ರಶ್ನೆ: ಸೀನಿಯರ್ ಹತ್ರ ಹಳೇ ಎಡಿಷನ್ ಸಿಗ್ತಿದೆ, ಸಾಕಾ?

ಉತ್ತರ: ಥಿಯರಿಗೆ ಸಾಕು. ಸ್ಟಾಫಿಂಗ್ (ಎಷ್ಟು ಪೇಷಂಟ್ ಗೆ ಎಷ್ಟು ನರ್ಸ್ ಅನ್ನೋದು), ಪೇಷಂಟ್ ಸೇಫ್ಟಿ, ಕಾನೂನು ಈ ಅಧ್ಯಾಯಗಳಿಗೆ ಸಾಲಲ್ಲ, ಅವನ್ನ ಹೊಸದರಲ್ಲಿ ಲೈಬ್ರರೀಲಿ ಓದಿ. ಸ್ಟಾಫಿಂಗ್ ಬಗ್ಗೆ ಲಿಂಡಾ ಐಕನ್ ತಂಡದ 2002ರ ಅಧ್ಯಯನ ಇದೆಯಾ ನೋಡಿ, ಒಬ್ಬ ನರ್ಸ್ ಪಾಲಿಗೆ ಒಂದೊಂದು ಪೇಷಂಟ್ ಹೆಚ್ಚಾದಂತೆ ಆಪರೇಷನ್ ಆದವರು 30 ದಿನದೊಳಗೆ ಸಾಯೋ ಸಂಭವ ಶೇಕಡಾ 7ರಷ್ಟು ಹೆಚ್ಚು ಕಂಡಿದ್ದು ಅದರಲ್ಲೇ. ಡ್ಯೂಟಿ ರೋಸ್ಟರ್ ಅಂದ್ರೆ ಬರೀ ಹೆಸರು ತುಂಬೋ ಚಾರ್ಟ್ ಅಂದ್ಕೊಂಡಿರೋ ಪುಸ್ತಕ ಹೊಸದಾಗಿದ್ರೂ ಹಳೇದೇ.

ಪ್ರಶ್ನೆ: ನಾವಿನ್ನೂ ಜೂನಿಯರ್, ಇನ್‌ಚಾರ್ಜ್ ಆಗೋಕೆ ಎಷ್ಟೋ ವರ್ಷ ಬೇಕು. ಈಗ್ಲೇ ಯಾಕೆ ಓದಬೇಕು? ಗೈಡ್ ಓದಿ ಪಾಸಾದ್ರೆ ಸಾಲ್ದಾ?

ಉತ್ತರ: ಪಾಸಾಗೋಕೆ ಸಾಕು. ಆದ್ರೆ ಮೊದಲ ತಿಂಗಳ ನೈಟ್ ಡ್ಯೂಟೀಲೇ ಪೇಷಂಟ್ ಉಸಿರಾಟ ಹದಗೆಡ್ತಿದೆ ಅನ್ಸತ್ತೆ, ಡಾಕ್ಟರ್‌ಗೆ ಫೋನ್ ಮಾಡಬೇಕು, ಅವರು ನಿದ್ದೆಗಣ್ಣಲ್ಲಿದಾರೆ. ಆಗ ಏನಾಗ್ತಿದೆ, ಹಿನ್ನೆಲೆ ಏನು, ನನಗೇನು ಅನ್ಸತ್ತೆ, ನೀವೇನು ಮಾಡಬೇಕು ಅಂತ ನಾಲ್ಕೇ ಮಾತಲ್ಲಿ ಹೇಳೋದನ್ನ ಎಸ್‌ಬಿಎಆರ್ ಅಂತಾರೆ, ಅಮೆರಿಕದ ಸಬ್‌ಮರೀನ್‌ಗಳಿಂದ ಆಸ್ಪತ್ರೆಗೆ ಬಂದ ಕ್ರಮ. ಮೂರನೇದನ್ನ, ಅಂದ್ರೆ ನನಗನ್ಸಿದ್ದನ್ನ, ಹೇಳೋಕೆ ಜೂನಿಯರ್‌ಗಳು ಹಿಂಜರೀತಾರೆ, ಅದನ್ನ ಹೇಳೋ ಧೈರ್ಯಕ್ಕೆ ಇನ್‌ಚಾರ್ಜ್ ಹುದ್ದೆ ಬೇಕಿಲ್ಲ. ಆ ಅಧ್ಯಾಯ ಗೈಡಲ್ಲಿ ಓದಬೇಡಿ, ಗೆಳತಿ ಎದುರು ಕೂರಿಸ್ಕೊಂಡು, ಒಬ್ಬರು ಡಾಕ್ಟರ್ ಒಬ್ಬರು ನರ್ಸ್ ಆಗಿ, ಜೋರಾಗಿ ಹೇಳಿ ಅಭ್ಯಾಸ ಮಾಡಿ.