ಪ್ರಾಣಿ ಮಿತ್ರ ಪ್ರಶ್ನೋತ್ತರ: ಬೆಕ್ಕಿಗೂ ಸಕ್ಕರೆ ಕಾಯಿಲೆ

ಪ್ರಶ್ನೆ: ಡಾಕ್ಟರ್ ಮೇಡಂ, ನಾನು ನಿವೃತ್ತ ಮಾಸ್ತರ. ನಮ್ಮ ಮನಿ ಗಂಡುಬೆಕ್ಕು ರಾಜಾಗ ಹತ್ತು ವರ್ಷ ಆತು. ಆಪರೇಷನ್ ಮಾಡಿಸೀವಿ. ಆರು ಕೆಜಿ ಇತ್ತು, ಈಗ ಬೆನ್ನೆಲುಬು ಕೈಗೆ ಹತ್ತತಾವ. ಹಾಲು-ರೊಟ್ಟಿ ಮೊದಲಿಗಿಂತ ಜಾಸ್ತಿನೇ ತಿಂತೈತಿ. ನೀರು ಕುಡಿಯೋದು ನೋಡಿ ಬಿಸಿಲಿಗೆ ಅಂದ್ಕೊಂಡಿದ್ವಿ. ಉಸುಕಿನ ಟ್ರೇ ಪೂರ್ತಿ ತೊಯ್ದಿರತೈತಿ, ಇರುವಿನೂ ಮುತ್ತತಾವ. ಈಗೀಗ ಹಿಂಗಾಲು ಹಿಮ್ಮಡಿ ಊರಿ ನಡೀತೈತಿ. ದವಾಖಾನ್ಯಾಗ ಒಮ್ಮೆ ರಕ್ತ ನೋಡಿ ಸಕ್ಕರೆ 310 ಅಂದ್ರು. ನಮ್ಮ ಮನಿಯಾಕಿ ಇನ್ಸುಲಿನ್ ತಗೋತಾಳ. ಅದನ್ನೇ ಸ್ವಲ್ಪ ಹಾಕಬಹುದೇನು?
— ಓದುಗರು, ಮಾನ್ವಿ

ಉತ್ತರ: ಮಾಸ್ತರರೇ, ಮನೆಯವರ ಇನ್ಸುಲಿನ್ ರಾಜಾನಿಗೆ ದಯವಿಟ್ಟು ಹಾಕಬೇಡಿ. ಬೆಕ್ಕಿಗೆ ಬೇಕಾದ ಬಗೆಯೇ ಬೇರೆ ಇರಬಹುದು, ಪ್ರಮಾಣವಂತೂ ಬಹಳ ಸಣ್ಣದು. ಸಾಮಾನ್ಯವಾಗಿ ಒಂದು ಯೂನಿಟ್ ಆಸುಪಾಸಿನಿಂದ ಶುರು ಮಾಡುತ್ತೇವೆ.

ನೀವು ಬರೆದ ಲಕ್ಷಣಗಳೆಲ್ಲ ಸಕ್ಕರೆ ಕಾಯಿಲೆಯನ್ನೇ ತೋರಿಸುತ್ತವೆ. ವಯಸ್ಸಾದ, ಮೈಬಂದ, ಆಪರೇಷನ್ ಆದ ಗಂಡುಬೆಕ್ಕುಗಳಲ್ಲಿ ಇದು ಹೆಚ್ಚು. ಹಿಮ್ಮಡಿ ಊರಿ ನಡೆಯುವುದು ಸಕ್ಕರೆಯಿಂದ ನರ ಸೊರಗಿದ ಗುರುತು. ಸಕ್ಕರೆ ಹತೋಟಿಗೆ ಬಂದರೆ ಎಷ್ಟೋ ಬೆಕ್ಕುಗಳ ನಡಿಗೆ ನಿಧಾನಕ್ಕೆ ಸುಧಾರಿಸುತ್ತದೆ. ನಮ್ಮ ರಾಯಚೂರು ಸೀಮೆಯ ಬಿಸಿಲಲ್ಲಿ ಬಾಯಾರಿಕೆಯನ್ನು ಯಾರೂ ಕಾಯಿಲೆ ಅಂದುಕೊಳ್ಳುವುದಿಲ್ಲ. ಆದರೆ ಹೊಟ್ಟೆತುಂಬ ತಿಂದೂ ತೂಕ ಇಳಿಯುವುದು ಬಿಸಿಲಿನ ಕೆಲಸವಲ್ಲ.

ಆದರೂ 310 ಒಂದನ್ನೇ ನಂಬಿ ಸೂಜಿ ಹಿಡಿಯುವಂತಿಲ್ಲ. ಬುಟ್ಟಿಯಲ್ಲಿ ಕೂರಿಸಿ, ಬಸ್ಸಿನಲ್ಲಿ ತಂದು, ನಾಯಿಗಳ ನಡುವೆ ಹಿಡಿದು ರಕ್ತ ತೆಗೆದರೆ ಹೆದರಿಕೆಗೇ ಬೆಕ್ಕಿನ ಸಕ್ಕರೆ ಮುನ್ನೂರರತ್ತ ಏರಬಹುದು. ಹಾಗಾಗಿ ಮೂತ್ರದಲ್ಲೂ ಸಕ್ಕರೆ ಇದೆಯೇ ನೋಡಬೇಕು. ಟ್ರೇಯಿಂದ ಉಸುಕು ತೆಗೆದು, ತೊಳೆದು ಒಣಗಿಸಿದ ಸಣ್ಣ ಹರಳುಕಲ್ಲು ಹಾಕಿ. ಮೂತ್ರ ತಳದಲ್ಲಿ ನಿಲ್ಲುತ್ತದೆ, ಸಿರಿಂಜಿನಲ್ಲಿ ಎಳೆದುಕೊಂಡು ದವಾಖಾನೆಗೆ ಒಯ್ಯಿರಿ. ಫ್ರಕ್ಟೋಸಮೈನ್ ಎಂಬ ರಕ್ತ ಪರೀಕ್ಷೆ ಮಾಡಿಸಿದರೆ ಹಿಂದಿನ ಒಂದೆರಡು ವಾರದ ಸಕ್ಕರೆಯ ಮಟ್ಟ ಗೊತ್ತಾಗುತ್ತದೆ, ಆ ಹೊತ್ತಿನ ಹೆದರಿಕೆ ಅದನ್ನು ಕೆಡಿಸುವುದಿಲ್ಲ. ಮೂತ್ರಪಿಂಡ, ಥೈರಾಯ್ಡ್ ಪರೀಕ್ಷೆಯನ್ನೂ ಕೇಳಿ, ಅವುಗಳ ತೊಂದರೆಯಲ್ಲೂ ಬಾಯಾರಿಕೆ ಹೆಚ್ಚುತ್ತದೆ, ತೂಕ ಇಳಿಯುತ್ತದೆ.

ಕಾಯಿಲೆ ಖಚಿತವಾದರೆ ಸಾಮಾನ್ಯವಾಗಿ 12 ತಾಸಿಗೊಮ್ಮೆ ಇನ್ಸುಲಿನ್. ಇಲ್ಲಿ ನನಗೆ ದೊಡ್ಡ ಭಯ ಸಿರಿಂಜಿನದು. ಕೆಂಪು ಮುಚ್ಚಳದ್ದು 40ರ (ಒಂದು ಮಿ.ಲೀ.ಗೆ 40 ಯೂನಿಟ್) ಇನ್ಸುಲಿನ್‌ಗೆ, ಕಿತ್ತಳೆ ಮುಚ್ಚಳದ್ದು 100ರ (ಒಂದು ಮಿ.ಲೀ.ಗೆ 100 ಯೂನಿಟ್) ಇನ್ಸುಲಿನ್‌ಗೆ. ಬೆಕ್ಕಿಗೆ ಬರೆದುಕೊಡುವ ಗ್ಲಾರ್ಜಿನ್ ಎಂಬ ಇನ್ಸುಲಿನ್ ಸಾಮಾನ್ಯವಾಗಿ 100ರದು. ಅದನ್ನು ಮನೆಯಲ್ಲಿದ್ದ ಕೆಂಪು ಮುಚ್ಚಳದ ಸಿರಿಂಜಿನಲ್ಲಿ ಒಂದು ಯೂನಿಟ್ಟಿನ ಗೆರೆಯವರೆಗೆ ಎಳೆದುಕೊಂಡರೆ ಹೋಗುವುದು ಎರಡೂವರೆ ಯೂನಿಟ್. ಸಣ್ಣ ಜೀವಕ್ಕೆ ಅದು ಪ್ರಾಣಾಪಾಯ. ಮನೆಯವರ ಸಿರಿಂಜು, ರಾಜಾನ ಸಿರಿಂಜು ಬೇರೆ ಬೇರೆ ಡಬ್ಬಿಯಲ್ಲಿರಲಿ.

ಬೆಕ್ಕು ಊಟ ಬಿಟ್ಟ ಹೊತ್ತಿನಲ್ಲಿ ಡಾಕ್ಟರಿಗೆ ಫೋನ್ ಮಾಡದೆ ಸೂಜಿ ಹಾಕಬೇಡಿ. ತೂರಾಡಿದರೆ, ನಿತ್ರಾಣಗೊಂಡರೆ, ನಡುಗಿದರೆ ಸಕ್ಕರೆ ಇಳಿದಿರಬಹುದು. ಜೇನುತುಪ್ಪ ಅಥವಾ ಸಕ್ಕರೆ ಪಾಕವನ್ನು ವಸಡಿಗೆ ಸವರಿ ದವಾಖಾನೆಗೆ ಓಡಿ. ಗಂಟಲಿಗೆ ಸುರಿಯಬೇಡಿ.

ಹಾಲು-ರೊಟ್ಟಿ ನಿಲ್ಲಬೇಕು. ಬೆಕ್ಕು ಮಾಂಸಾಹಾರಿ. ಪ್ರೋಟೀನ್ ಹೆಚ್ಚು, ಹಿಟ್ಟಿನಂಶ ಕಡಿಮೆ ಇರುವ ಪ್ಯಾಕೆಟ್ಟಿನ, ತೇವವಿರುವ (ಒಣ ಕಾಳಿನಂತಲ್ಲದ) ಬೆಕ್ಕಿನಾಹಾರ ಒಳ್ಳೆಯದು. ಬೇಯಿಸಿದ ಉಪ್ಪಿಲ್ಲದ ಕೋಳಿ, ಮುಳ್ಳು ತೆಗೆದ ಮೀನು ನಡುನಡುವೆ ಸರಿ, ದಿನವೂ ಅದಷ್ಟೇ ಆದರೆ ಟಾರಿನ್‌ನಂಥ ಪೋಷಕಾಂಶ ಕಡಿಮೆ ಬೀಳುತ್ತದೆ. ಇನ್ಸುಲಿನ್ ಶುರುವಾದ ಮೇಲೆ ಊಟ ಬದಲಿಸುವುದಿದ್ದರೆ ಮೊದಲು ಡಾಕ್ಟರಿಗೆ ಹೇಳಿ, ಊಟ ಬದಲಾದರೆ ಇನ್ಸುಲಿನ್ ಪ್ರಮಾಣವೂ ಇಳಿಸಬೇಕಾಗಬಹುದು. ಉಪವಾಸ ಕೆಡವಬೇಡಿ, ಒಂದೆರಡು ದಿನ ತಿನ್ನದಿದ್ದರೂ ಬೆಕ್ಕಿನ ಲಿವರ್ ಕೆಡಬಹುದು. ಬೇಗ ಹಿಡಿತಕ್ಕೆ ತಂದರೆ ಕೆಲವು ಬೆಕ್ಕುಗಳಿಗೆ ಮುಂದೆ ಇನ್ಸುಲಿನ್ನೇ ಬೇಡವಾಗುತ್ತದೆ. ಅದಕ್ಕೇ ಇಷ್ಟು ಒತ್ತಾಯ ಮಾಡುತ್ತಿದ್ದೇನೆ.

ಇನ್ಸುಲಿನ್ ಬಾಟಲಿ ಫ್ರಿಜ್ಜಿನಲ್ಲಿರಲಿ, ಫ್ರೀಜರಿನಲ್ಲಿ ಬೇಡ. ಬೇಸಿಗೆಯಲ್ಲಿ ಕರೆಂಟು ಬಹಳ ಹೊತ್ತು ಹೋದರೆ ದೊಡ್ಡ ಮಣ್ಣಿನ ಗಡಿಗೆಯಲ್ಲಿ ಒದ್ದೆ ಉಸುಕು ಹಾಕಿ, ನಡುವೆ ಸಣ್ಣ ಗಡಿಗೆಯಿಟ್ಟು ಅದರೊಳಗೆ ಬಾಟಲಿ ಇಡಿ.

ರಾಜಾ ಊಟ ಬಿಟ್ಟು, ವಾಂತಿ ಮಾಡಿ, ಮಂಕಾಗಿ ಕೂತರೆ ಪರೀಕ್ಷೆಯ ದಿನಕ್ಕೆ ಕಾಯಬೇಡಿ. ಅವತ್ತೇ ಕರೆದುಕೊಂಡು ಹೋಗಿ, ಮೂತ್ರದಲ್ಲಿ ಕೀಟೋನ್ (ಸಕ್ಕರೆ ಕಾಯಿಲೆ ಬಿಗಡಾಯಿಸಿದಾಗ ಸೇರುವ ಅಪಾಯದ ಅಂಶ) ಇದೆಯೇ ನೋಡಿ ಎಂದು ನೀವೇ ಬಾಯಿಬಿಟ್ಟು ಕೇಳಿ.